ಖಾನಾವಳಿಯ ಫಲಕದ ಮೇಲಿನ ಪದ

ನಿವೃತ್ತಿಯಾದ ಮೇಲೆ ಬೈಲಹೊಂಗಲ ಬಿಟ್ಟು ಬೆಂಗಳೂರಿನ ವಿಜಯನಗರದಲ್ಲಿರುವ ಮಗನ ಮನೆಗೆ ಬಂದು ಎರಡು ವರ್ಷವಾಯಿತು. ಇಲ್ಲಿ ನನಗೆ ಯಾವ ಕೊರತೆಯೂ ಇಲ್ಲ. ಆದರೆ ಮೊದಲ ತಿಂಗಳು ಮುಗಿಯುವುದರೊಳಗೆ ನಾಲಗೆ ತಕರಾರು ತೆಗೆಯಿತು. ಅನ್ನ, ಸಾರು, ಚಪಾತಿ ಎಲ್ಲ ರುಚಿಯಾಗಿಯೇ ಇರುತ್ತವೆ. ಹೊಟ್ಟೆ ತುಂಬುತ್ತದೆ, ಉಂಡಂತೆ ಆಗುವುದಿಲ್ಲ. ಮಗ ಸೊಸೆ ಇಬ್ಬರೂ ನೌಕರಿಗೆ ಹೋಗುವವರು. ನಸುಕಿನಲ್ಲೆದ್ದು ನನಗಾಗಿ ರೊಟ್ಟಿ ಬಡಿಯಿರಿ ಎನ್ನುವ ಹಕ್ಕು ನನಗಿಲ್ಲ. ನನಗಂತೂ ಬಡಿಯಲು ಬರುವುದಿಲ್ಲ. ಅರವತ್ತು ವರ್ಷ ರೊಟ್ಟಿ ತಿಂದವನಿಗೆ ಒಂದು ರೊಟ್ಟಿ ಬಡಿಯಲು ಬಾರದು ಎಂಬುದು ನಾಚಿಕೆಯ ಸಂಗತಿಯೇ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಹೀಗಾಗಿ ಸಂಜೆಯ ತಿರುಗಾಟವೇ ಖಾನಾವಳಿ ಹುಡುಕಾಟವಾಯಿತು. ವಿಜಯನಗರವನ್ನು ಬಲ್ಲವರಿಗೆ ಇಲ್ಲಿನ ಗದ್ದಲ ಗೊತ್ತು. ಮಾರುತಿ ಮಂದಿರದ ಸುತ್ತ ಹೂವು, ಹಣ್ಣು, ಪಾನಿಪುರಿ. ಮೆಟ್ರೊ ನಿಲ್ದಾಣದ ಕೆಳಗೆ ಆಟೊಗಳ ಸಾಲು. ಅತ್ತಿಗುಪ್ಪೆ, ಚಂದ್ರಾ ಲೇಔಟ್ ಕಡೆ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳು. ಹಂಪಿನಗರದ ಗ್ರಂಥಾಲಯದ ಮುಂದೆ ನಿಂತರೆ ಕಲಬುರ್ಗಿ, ವಿಜಯಪುರ, ರಾಯಚೂರಿನ ಮಾತು ಕಿವಿಗೆ ಬೀಳುತ್ತದೆ. ಕೆ.ಎ.ಎಸ್., ಪಿ.ಎಸ್.ಐ. ಎಂದು ಕನಸು ಕಟ್ಟಿಕೊಂಡು ಬಂದ ಹುಡುಗ ಹುಡುಗಿಯರು ಅವರು. ಅವರು ಇರುವಲ್ಲಿ ರೊಟ್ಟಿ ಇರಲೇಬೇಕೆಂದು ನನ್ನ ಲೆಕ್ಕ.

ಲೆಕ್ಕ ಸರಿಯಾಗಿತ್ತು, ರೊಟ್ಟಿ ಮಾತ್ರ ಒಮ್ಮೆಲೇ ಸಿಗಲಿಲ್ಲ. ಒಂದು ಕಡೆ ಜೋಳದ ಹಿಟ್ಟಿಗೆ ಗೋಧಿ ಬೆರೆಸಿ ಲಟ್ಟಿಸಿದ್ದರು. ಇನ್ನೊಂದು ಕಡೆ ಎಣಗಾಯಿಗೆ ಬೆಲ್ಲ ಸುರಿದಿದ್ದರು. ಜೋಳದ ಹಿಟ್ಟಿನಲ್ಲಿ ಗೋಧಿಯ ಜಿಗುಟಿಲ್ಲ. ಕುದಿಯುವ ನೀರು ಹಾಕಿ ನಾದಿದರೆ ಮಾತ್ರ ಅದು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಹಿಟ್ಟು ಹಳೆಯದಾದರೆ ಅಂಚು ಬಿರಿಯುತ್ತದೆ. ತಟ್ಟಿ ಹಂಚಿಗೆ ಹಾಕಿ, ಮೇಲೆ ಒದ್ದೆ ಬಟ್ಟೆ ಆಡಿಸಿ, ಮಗುಚಿ ಹಾಕಿ ಉಬ್ಬಿಸಬೇಕು. ಇಷ್ಟೆಲ್ಲ ಕೈಯ ಕೆಲಸವಾದ್ದರಿಂದ ಅವಸರದ ಹೋಟೆಲಿಗೆ ಅದು ಒಗ್ಗುವುದಿಲ್ಲ. ರೊಟ್ಟಿ ಬಡಿಯುವ ಸದ್ದು ಕೇಳದ ಕಡೆ ರೊಟ್ಟಿ ಕೇಳಬಾರದೆಂದು ಮೂರನೆಯ ವಾರಕ್ಕೆ ಕಲಿತೆ.

ಕೊನೆಗೆ ಒಂದು ಅಡ್ಡರಸ್ತೆಯಲ್ಲಿ ಆ ಸದ್ದು ಕೇಳಿತು. ಒಳಗೆ ಆರು ಮೇಜು. ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ, ಮಡಕಿಕಾಳಿನ ಪಲ್ಯ, ಝುಣಕ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಗಟ್ಟಿ ಮೊಸರು, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ, ಮೆಂತ್ಯೆ ಸೊಪ್ಪು. ಎರಡನೆಯ ರೊಟ್ಟಿಗೆ ನನ್ನ ಕಣ್ಣು ತುಂಬಿದ್ದು ಖಾರಕ್ಕಲ್ಲ. ತೀರಿಕೊಂಡ ಹೆಂಡತಿಯ ಹಿಂಡಿಯ ರುಚಿ ಅಲ್ಲಿತ್ತು. ಹೊರಗೆ ಬಂದು ತಲೆಯೆತ್ತಿ ನೋಡಿದೆ. ದೊಡ್ಡ ಅಕ್ಷರಗಳಲ್ಲಿ ‘ಲಿಂಗಾಯತ ಖಾನಾವಳಿ’ ಎಂದು ಬರೆದಿತ್ತು. ಮನಸ್ಸು ಹಿಗ್ಗಿತು ಎಂಬುದನ್ನು ಮುಚ್ಚಿಡುವುದಿಲ್ಲ. ನಮ್ಮವರು ಎನಿಸಿತು.

ಮುಂದಿನ ಭಾನುವಾರ ನನ್ನ ತಂಗಿಯ ಮಗನನ್ನು ಕರೆದೆ. ಅವನು ಇಲ್ಲಿಯೇ ಕೋಣೆ ಮಾಡಿಕೊಂಡು ಪರೀಕ್ಷೆಗೆ ಓದುತ್ತಿದ್ದಾನೆ. ಜೊತೆಗೆ ಕೋಣೆಯ ಗೆಳೆಯನೂ ಬಂದ, ಸಿಂದಗಿ ಕಡೆಯ ಹುಡುಗ. ದಾರಿಯುದ್ದಕ್ಕೂ ಇಬ್ಬರೂ ಹಾಸ್ಟೆಲಿನ ತಿಳಿಸಾರಿನ ಬಗ್ಗೆ ನಗುತ್ತಿದ್ದರು. ಖಾನಾವಳಿಯ ಮುಂದೆ ಬಂದಾಗ ಆ ಹುಡುಗ ಫಲಕ ನೋಡಿ ನಿಂತ. “ನೀವು ಉಣ್ರಿ ಸರ್, ನನಗ ಹಸಿವಿಲ್ಲ. ಇಲ್ಲೇ ಚಹಾ ಕುಡೀತೀನಿ” ಅಂದ. ಹತ್ತು ನಿಮಿಷದ ಹಿಂದೆ ಹಸಿವೆಂದು ಹಾರಾಡುತ್ತಿದ್ದವನು. ನಾನು ಒತ್ತಾಯ ಮಾಡಿದೆ. ನನ್ನ ಸೋದರಳಿಯ ಕಣ್ಸನ್ನೆಯಿಂದ ಬೇಡವೆಂದ. ಆಮೇಲೆ ತಿಳಿಯಿತು, ಅವನು ದಲಿತರ ಹುಡುಗ. ಅವನ ಊರಿನಲ್ಲಿ ಇಂಥ ಫಲಕದ ಖಾನಾವಳಿಯೊಂದರಲ್ಲಿ ಅವನ ಅಪ್ಪನಿಗೆ ಹೊರಗಿನ ಕಟ್ಟೆಯ ಮೇಲೆ, ಬೇರೆ ಲೋಟದಲ್ಲಿ ನೀರು ಕೊಡುತ್ತಿದ್ದರಂತೆ.

ವಿಜಯನಗರದ ಈ ಖಾನಾವಳಿಯಲ್ಲಿ ಅವನನ್ನು ಯಾರೂ ತಡೆಯುತ್ತಿರಲಿಲ್ಲ, ಜಾತಿ ಕೇಳುತ್ತಿರಲಿಲ್ಲ. ಸಂವಿಧಾನದ ೧೫ನೆಯ ವಿಧಿ ಹೋಟೆಲಿನ ಪ್ರವೇಶಕ್ಕೆ ಜಾತಿ ಅಡ್ಡ ಬರಕೂಡದೆಂದು ಸ್ಪಷ್ಟವಾಗಿ ಹೇಳಿದೆ. ಆದರೂ ಅವನು ನಿಂತ. ಬಾಗಿಲು ತೆರೆದಿತ್ತು, ಪದ ಮುಚ್ಚಿತ್ತು. ನನಗೆ ಮನೆಯ ನೆನಪು ತಂದ ಅದೇ ಪದ ಅವನಿಗೆ ಹೊರಗಿನ ಕಟ್ಟೆಯ ನೆನಪು ತಂದಿತು. ಅಂದು ಮೂವರೂ ಬೀದಿಬದಿಯಲ್ಲಿ ಗಿರಮಿಟ್ಟು, ಮಿರ್ಚಿ ತಿಂದು ಮನೆಗೆ ಹೋದೆವು.

ಮರುದಿನ ಒಬ್ಬನೇ ಹೋಗಿ ಮಾಲೀಕರನ್ನು ಕೇಳಿದೆ. ನೊಸಲ ತುಂಬ ವಿಭೂತಿ ಧರಿಸಿದ, ಸೌಮ್ಯ ಸ್ವಭಾವದವರು. “ಜಾತಿ ಮಾತಲ್ರಿ ಅದು. ಮೊಟ್ಟಿ, ಮಾಂಸ ಇಲ್ಲ, ನಮ್ಮ ಕಡೆ ಊಟ ಅಂತ ಒಂದ ಶಬ್ದದಾಗ ತಿಳೀಲಿ ಅಂತ” ಎಂದರು. ಅವರ ಮಾತಿನಲ್ಲಿ ಕಪಟವಿರಲಿಲ್ಲ. “ಅಯ್ಯಂಗಾರ್ ಬೇಕರಿ ಇಲ್ಲೇನ್ರಿ? ಗೌಡ್ರ ಹೋಟೆಲ್ ಇಲ್ಲೇನ್ರಿ? ನಮ್ಮದೊಂದಕ್ಕ ಯಾಕ ತಕರಾರು?” ಎಂದೂ ಕೇಳಿದರು.

ಈ ಪ್ರಶ್ನೆಗೆ ಉತ್ತರ ಕೊಡಲೇಬೇಕು, ಏಕೆಂದರೆ ನಮ್ಮ ಅನೇಕ ಬಂಧುಗಳು ಹೀಗೆಯೇ ಕೇಳುತ್ತಾರೆ. ಫಲಕದ ಜಗಳ ಹೊಸದಲ್ಲ. ೧೯೫೭ರಲ್ಲಿ ಪೆರಿಯಾರ್ ಅವರ ಅನುಯಾಯಿಗಳು ಮದ್ರಾಸಿನಲ್ಲಿ ಹೋಟೆಲಿನ ಫಲಕದಲ್ಲಿದ್ದ ‘ಬ್ರಾಹ್ಮಣ’ ಎಂಬ ಪದ ತೆಗೆಯಬೇಕೆಂದು ಚಳವಳಿ ಮಾಡಿದರು. ಅದಕ್ಕೂ ಮುಂಚೆ ದಕ್ಷಿಣ ಭಾರತದ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೇ ಬೇರೆ ಕೋಣೆ ಇರುತ್ತಿತ್ತು. ಆ ಕೋಣೆಗಳ ಹೊರಗೆ ಕುಳಿತವರಲ್ಲಿ ನಮ್ಮ ಅಜ್ಜಂದಿರೂ ಇದ್ದರು. ಹೊರಗೆ ಕೂಡುವುದು ಹೇಗಿರುತ್ತದೆಂದು ತಿಳಿದ ಮನೆತನದವರು ನಾವು. ಉಳಿದವರು ಹಾಕಿದ್ದಾರೆಂದು ನಾವೂ ಹಾಕುವುದಾದರೆ ನಾವು ಬಸವಣ್ಣನವರ ಹೆಸರು ಹೇಳುವ ಅಗತ್ಯವೇನು? ಕಲ್ಯಾಣದ ಮಹಾಮನೆಯಲ್ಲಿ ಉಂಡವರ ಕುಲ ಯಾವುದೆಂದು ಕೇಳಿದವರಿಲ್ಲ. ಸಂಬೋಳಿ ನಾಗಿದೇವರ ಮನೆಯಲ್ಲಿ ಉಂಡುದಕ್ಕೆ ಬಸವಣ್ಣನವರ ಮೇಲೆ ಬಿಜ್ಜಳನ ಬಳಿ ದೂರು ಹೋಯಿತೆಂಬ ಕಥೆಯನ್ನು ನಾವು ಪ್ರತಿ ಬಸವ ಜಯಂತಿಗೂ ಹೇಳುತ್ತೇವೆ. ಈಗ ನಾಗಿದೇವರ ಮೊಮ್ಮಗ ನಮ್ಮ ಫಲಕ ಓದಿ ಹಸಿವಿಲ್ಲ ಎನ್ನುತ್ತಾನೆ.

ಇನ್ನೊಂದು ಮಾತು. ಲಿಂಗಾಯತ ಎಂಬುದು ಜಾತಿಯಲ್ಲ, ಯಾರೂ ಸ್ವೀಕರಿಸಬಹುದಾದ ಧರ್ಮ ಎಂದು ನಾವು ವೇದಿಕೆಗಳಲ್ಲಿ ವಾದಿಸುತ್ತೇವೆ, ನಾನೂ ವಾದಿಸಿದ್ದೇನೆ. ಆ ಪದವನ್ನು ಅಡುಗೆಮನೆಯ ಮಡಿಯ ಗುರುತಾಗಿ ಬಳಸಿದಾಗ ನಾವೇ ಅದನ್ನು ಜಾತಿಗೆ ಇಳಿಸಿದಂತೆ. ಖಾನಾವಳಿಗಳನ್ನಷ್ಟೇ ದೂರುವುದೂ ಸರಿಯಲ್ಲ. ತುಮಕೂರಿನ ಸಿದ್ಧಗಂಗೆಯಂಥ ಮಠಗಳಲ್ಲಿ ಎಲ್ಲ ಜಾತಿಯ ಸಾವಿರಾರು ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ; ಆದರೆ ಜಾತ್ರೆಯ ದಿನ ಜಂಗಮರಿಗೆ ಬೇರೆ ಪಂಕ್ತಿ ಹಾಕುವ ಸ್ಥಳಗಳನ್ನೂ ನಾನು ಕಂಡಿದ್ದೇನೆ. ಮಠದಲ್ಲಿ ಪಂಕ್ತಿ ಒಡೆದರೆ ಮಾರುಕಟ್ಟೆಯಲ್ಲಿ ಫಲಕ ಏಳುತ್ತದೆ.

ಖಾನಾವಳಿಯ ಹುಟ್ಟನ್ನೇ ನೋಡಿ. ಆ ಪದ ನಮಗೆ ಮರಾಠಿಯ ನೆರೆಯಿಂದ ಬಂದದ್ದು. ಮುಂಬಯಿಯ ಬಟ್ಟೆ ಗಿರಣಿಗಳ ಕಾಲದಲ್ಲಿ ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಕಾರ್ಮಿಕರಿಗೆ ಬಡ ಹೆಂಗಸರು ತಮ್ಮ ಚಿಕ್ಕ ಕೋಣೆಗಳಲ್ಲಿ ತಿಂಗಳ ಲೆಕ್ಕದಲ್ಲಿ ಊಟ ಹಾಕುತ್ತಿದ್ದರು. ಆ ಹೆಂಗಸರನ್ನು ಸಾಲದ ಬಾಧೆಯಿಂದ ಬಿಡಿಸಲೆಂದು ಪ್ರೇಮಾ ಪುರವ್ ಅವರು ೧೯೭೫ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿದರು. ಊರು ಬಿಟ್ಟವನ ಹಸಿವು, ಊಟ ಹಾಕುವ ಹೆಂಗಸಿನ ದುಡಿಮೆ, ಈ ಎರಡರ ಮೇಲೆ ನಿಂತದ್ದು ಖಾನಾವಳಿ. ವಿಜಯನಗರದಲ್ಲೂ ಅದೇ. ಒಳಗೆ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುವ ತಾಯಿಗೆ ಎಣಿಕೆಯ ಮೇಲೆ ಕೂಲಿ. ಆಕೆ ಯಾವ ಕುಲದವಳೆಂದು ನಾನು ಕೇಳಲಿಲ್ಲ. ಫಲಕಕ್ಕೂ ಆಕೆಗೂ ಸಂಬಂಧವಿದೆಯೋ ಇಲ್ಲವೋ, ನನ್ನ ಕಣ್ಣು ತುಂಬಿಸಿದ್ದು ಆಕೆಯ ಕೈ.

ನಾನು ಮಾಲೀಕರಿಗೆ ಹೇಳಿದ್ದು ಇಷ್ಟೇ: ಊಟದ ಹೆಸರು ಬರೆಯಿರಿ. ಜೋಳದ ರೊಟ್ಟಿ ಖಾನಾವಳಿ ಎಂದರೆ ನಮ್ಮ ಕಡೆಯವರು ಓಡಿ ಬರುತ್ತಾರೆ. ಸಸ್ಯಾಹಾರ ಎಂದು ಕೆಳಗೆ ಹಾಕಿದರೆ ತಿನ್ನದವರಿಗೂ ಸಮಾಧಾನ. ಬಸವಣ್ಣನವರ ಭಾವಚಿತ್ರ ಗಲ್ಲೆಯ ಮೇಲೆ ಇದ್ದೇ ಇದೆ, ಇರಲಿ. ಅವರು ಬಹಳ ಹೊತ್ತು ಸುಮ್ಮನಿದ್ದು, “ಹೊಸ ಬೋರ್ಡಿಗೆ ರೊಕ್ಕ ಹತ್ತತೈತ್ರಿ” ಎಂದರು. ಅರ್ಧ ನಾನು ಕೊಡುತ್ತೇನೆಂದೆ. ಅವರು ನಕ್ಕು, ಎಲೆಯಡಿಕೆ ಕೊಟ್ಟು ಕಳಿಸಿದರು. ದೀಪಾವಳಿ ಕಳೆಯಿತು, ಫಲಕ ಇನ್ನೂ ಹಳೆಯದೇ ಇದೆ. ಕೇಳಿದಾಗಲೆಲ್ಲ ಪೇಂಟರ್ ಸಿಗಲಿಲ್ಲ ಎನ್ನುತ್ತಾರೆ.

ಕಳೆದ ತಿಂಗಳು ಮಾತ್ರ ಒಂದು ಬದಲಾವಣೆ ಆಯಿತು. ಸಿಂದಗಿಯ ಹುಡುಗನನ್ನು ಮಾಲೀಕರೇ ಕರೆಯಲಿ ಎಂದು ನಾನು ಹಟ ಹಿಡಿದೆ. ಅವರು ಬಾಗಿಲಿಗೆ ಬಂದು ಕೈ ಹಿಡಿದು ಒಳಗೆ ಕರೆದೊಯ್ದರು. ನನ್ನ ಎದುರಿನ ಕುರ್ಚಿಯಲ್ಲಿ ಕುಳಿತ ಹುಡುಗ ನಾಲ್ಕು ರೊಟ್ಟಿ ತಿಂದ, ಹಿಂಡಿ ಎರಡು ಸಲ ಕೇಳಿದ. ಹೇಗಿದೆ ಎಂದು ಮಾಲೀಕರು ವಿಚಾರಿಸಿದಾಗ, ಸಂಕೋಚದಿಂದಲೇ, “ಚಲೋ ಐತ್ರಿ. ಆದ್ರ ನಮ್ಮವ್ವ ಇದಕಿಂತ ತೆಳ್ಳಗ ಬಡೀತಾಳ್ರಿ” ಎಂದ. ಒಳಗೆ ಒಲೆಯ ಮುಂದಿದ್ದ ತಾಯಿಗೆ ಅದು ಕೇಳಿಸಿತು. ಮುಂದಿನ ರೊಟ್ಟಿ ತುಸು ತೆಳ್ಳಗೆ ಬಂತು.