ಯಂತ್ರದ ಗೆಲವೂ ಮನುಷ್ಯನ ಆಟವೂ

ಜಯನಗರ, ಬನಶಂಕರಿ, ಜೆ.ಪಿ. ನಗರಗಳಲ್ಲಿ ಇಂದು ಚದುರಂಗ ಕಲಿಯುವ ಮಕ್ಕಳಿಗೆ ಕೊರತೆಯಿಲ್ಲ. ಅವರ ತಂದೆತಾಯಿಗಳೂ ಉಪಾಧ್ಯಾಯರೂ ಒಂದು ಪ್ರಶ್ನೆಯನ್ನು ಎದುರಿಸಲೇಬೇಕಾಗಿದೆ. ಜಗತ್ತಿನ ಅಗ್ರಗಣ್ಯ ಆಟಗಾರನನ್ನೂ ಗಣಕಯಂತ್ರವು ಸೋಲಿಸಬಲ್ಲುದಾದರೆ ಈ ಶ್ರಮವೆಲ್ಲ ಏತಕ್ಕೆ?

ಯಂತ್ರದ ಮೇಲುಗೈಯನ್ನು ಮೊದಲು ನಿಸ್ಸಂಕೋಚವಾಗಿ ಒಪ್ಪಿಕೊಳ್ಳುವುದೇ ಲೇಸು. ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾದೇವಿಯವರು 1977ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ, 201 ಅಂಕಿಗಳ ಸಂಖ್ಯೆಯೊಂದರ 23ನೆಯ ಮೂಲವನ್ನು 50 ಸೆಕೆಂಡುಗಳಲ್ಲಿ ಹೇಳಿದರು. ಯುನಿವ್ಯಾಕ್ ಯಂತ್ರಕ್ಕೆ 62 ಸೆಕೆಂಡು ಹಿಡಿಯಿತು. ಲೆಕ್ಕದಲ್ಲಿ ಅಂದು ಮನುಷ್ಯನೇ ಮುಂದು. ಚದುರಂಗದಲ್ಲಾದರೋ, ಅದಾದ ಇಪ್ಪತ್ತೇ ವರ್ಷಗಳಲ್ಲಿ ಕಾಲ ತಿರುಗಿತು. 1997ರ ಮೇ ತಿಂಗಳಲ್ಲಿ ಡೀಪ್ ಬ್ಲೂ ಯಂತ್ರವು ವಿಶ್ವವಿಜೇತ ಕ್ಯಾಸ್ಪರೋವ್ ಅವರನ್ನು ನ್ಯೂಯಾರ್ಕಿನ ಆರು ಆಟಗಳ ಪಂದ್ಯದಲ್ಲಿ ಸೋಲಿಸಿತು. ಸೆಕೆಂಡಿಗೆ ಸುಮಾರು 20 ಕೋಟಿ ಸ್ಥಿತಿಗಳನ್ನು ಪರಿಶೀಲಿಸುತ್ತಿದ್ದ ಯಂತ್ರವದು. 2006ರಲ್ಲಿ ಬಾನ್ ನಗರದಲ್ಲಿ ಕ್ರಾಮ್ನಿಕ್ ಅವರೂ ಡೀಪ್ ಫ್ರಿಟ್ಸ್‌ಗೆ ಸೋತರು. ಒಂದು ಆಟದಲ್ಲಂತೂ ಒಂದೇ ನಡೆಯಲ್ಲಿ ಬರಲಿದ್ದ ಚೆಕ್‌ಮೇಟು ಆ ವಿಶ್ವವಿಜೇತರ ಕಣ್ಣಿಗೆ ಬೀಳಲಿಲ್ಲ. ಇಂದು ಕೈಯಲ್ಲಿನ ಮೊಬೈಲಿನೊಳಗಿನ ಯಂತ್ರಕ್ಕೂ ಯಾವ ಗ್ರಾಂಡ್‌ಮಾಸ್ಟರೂ ಸರಿಸಾಟಿಯಲ್ಲ. ಅದಕ್ಕೆ ದಣಿವಿಲ್ಲ, ಮರೆವಿಲ್ಲ, ಅಳುಕಿಲ್ಲ.

ಆದರೆ ಆಟದ ಅರ್ಥ ಅಲ್ಲಿಗೆ ಮುಗಿಯಿತೆ? 2024ರ ಡಿಸೆಂಬರಿನಲ್ಲಿ ಸಿಂಗಪುರದಲ್ಲಿ ನಡೆದ ವಿಶ್ವಪಂದ್ಯದ ಕೊನೆಯ ಆಟವನ್ನು ನೆನೆಯೋಣ. ಡಿಂಗ್ ಲಿರೆನ್ ತಮ್ಮ ಆನೆಯನ್ನು ತಪ್ಪು ಮನೆಗೆ ನಡೆಸಿದರು. ದೂರದಿಂದ ನೋಡುತ್ತಿದ್ದವರಿಗೆ ಆ ತಪ್ಪನ್ನು ಯಂತ್ರವು ತೋರಿಸಿಕೊಟ್ಟಿತು. ಎದುರಿಗೆ ಕುಳಿತಿದ್ದ 18 ವರ್ಷದ ಗುಕೇಶರಿಗೆ ಹೇಳಿಕೊಡುವವರು ಯಾರೂ ಇರಲಿಲ್ಲ. ಅವರು ತಾವೇ ಕಾಣಬೇಕಾಗಿತ್ತು, ಕಂಡರು, ಗೆದ್ದರು. ಯಂತ್ರವನ್ನು ನಂಬಿ ತಪ್ಪನ್ನು ತಿಳಿದವರಿಗೂ ತಾವೇ ಕಂಡುಕೊಂಡವರಿಗೂ ಇರುವ ಅಂತರವೇ ವಿದ್ಯೆ.

ಆ ಅಂತರವೇ ಇಂದು ಅಪಾಯದಲ್ಲಿದೆ. ಆಟ ಮುಗಿದೊಡನೆ, ಎಲ್ಲಿ ಎಡವಿದೆನೆಂದು ಅರೆಗಳಿಗೆಯೂ ಯೋಚಿಸದೆ ಯಂತ್ರದ ತೀರ್ಪನ್ನು ನೋಡುವ ಬಾಲಕನು ಉತ್ತರವನ್ನು ಪಡೆಯುತ್ತಾನೆ, ವಿವೇಚನೆಯನ್ನು ಪಡೆಯುವುದಿಲ್ಲ. ಈ ಮಾತು ಚದುರಂಗಕ್ಕಷ್ಟೇ ಅಲ್ಲ, ಪ್ರಬಂಧ ಬರೆಯುವ ವಿದ್ಯಾರ್ಥಿಗೂ ಸಲ್ಲುತ್ತದೆ. ಯಂತ್ರವನ್ನು ದೂರವಿಡಬೇಕೆಂದು ನಾವು ಹೇಳುತ್ತಿಲ್ಲ. ಮೊದಲು ತನ್ನ ಯೋಚನೆಯನ್ನು ಕಾಗದದ ಮೇಲೆ ಬರೆಯಲಿ; ಬಳಿಕ, ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಉತ್ತರವನ್ನು ತಾಳೆ ನೋಡುವಂತೆ, ಯಂತ್ರವನ್ನು ಕೇಳಲಿ. ಈ ಕ್ರಮವನ್ನು ರೂಢಿಸುವುದು ಉಪಾಧ್ಯಾಯರ ಹೊಣೆ.

ಕುದುರೆಯನ್ನು 64 ಮನೆಗಳಲ್ಲಿಯೂ ಒಂದೊಂದೇ ಸಾರಿ ನಡೆಸುವ ಸಮಸ್ಯೆಯಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಮನಸ್ಸಿಟ್ಟಿದ್ದರು. ಬೇಕಾದುದು ಉತ್ತರ ಮಾತ್ರವಾಗಿದ್ದರೆ ಒಂದು ದಾರಿ ಸಾಕಾಗಿತ್ತು. ಅವರು ಹಲವು ದಾರಿಗಳನ್ನು ರಚಿಸಿದರು. ಇಂದಿನ ಯಂತ್ರವು ಅಂಥವನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಕೊಡಬಲ್ಲುದು. ಹುಡುಕಿದ ಸಂತೋಷವನ್ನು ಕೊಡಲಾರದು.