ಗುಂಡಿಯೂ ಜೀವನಚಕ್ರದ ಒಂದು ಹಂತ

ಪಿಯುಸಿಯಲ್ಲಿ ಬಯಾಲಜಿ ತಗೊಂಡವರಿಗೆ ಪ್ಲಾಸ್ಮೋಡಿಯಂ ಚಿತ್ರ ನೆನಪಿರಬೇಕು. ಒಂದು ಕಡೆ ಮನುಷ್ಯ, ಇನ್ನೊಂದು ಕಡೆ ಸೊಳ್ಳೆ, ನಡುವೆ ಸುತ್ತಲೂ ಬಾಣದ ಗುರುತು. ನೀಟ್ ಆಸೆಗೆ ಸ್ಪೋರೋಜೊಯಿಟ್, ಮೀರೋಜೊಯಿಟ್ ಅಂತ ಬಾಯಿಪಾಠ ಮಾಡಿ, ಆಮೇಲೆ ಎಲ್ಲ ಮರೆತು ಇಲ್ಲಿಗೆ ಬಂದವರು ನಮ್ಮಲ್ಲಿ ಬಹಳ ಜನ. ಆ ಚಿತ್ರದ ಬಗ್ಗೆ ನನ್ನದೊಂದು ತಕರಾರಿದೆ. ಅದರಲ್ಲಿ ನೀರು ನಿಂತ ಗುಂಡಿಯೇ ಇಲ್ಲ. ಅದೊಂದನ್ನು ಬರೆದಿದ್ದರೆ ಮಲೇರಿಯಾ ಬರೀ ಡಾಕ್ಟರ್‌ಗಳ ಪಾಠ ಆಗಿ ಉಳಿಯುತ್ತಿರಲಿಲ್ಲ, ಸಿವಿಲ್‌ನವರ ಸಿಲಬಸ್‌ಗೂ ಬರುತ್ತಿತ್ತು.

ನಮ್ಮ ಕಡೆ, ಅಂದ್ರೆ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸುತ್ತಮುತ್ತ, ಗುಂಡಿಗಳಿಗೇನೂ ಬರ ಇಲ್ಲ. ನೆಲದ ಕೆಳಗೆ ಸುಣ್ಣದ ಕಲ್ಲು. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಫ್ಯಾಕ್ಟರಿಗಳು ನಿಂತಿರೋದೇ ಅದನ್ನು ನಂಬಿಕೊಂಡು. ಹಳೇ ಮನೆಗಳಲ್ಲಿ ಕಾಲಿಟ್ಟರೆ ತಣ್ಣಗಿರೋ ಬೂದು ಕಲ್ಲಿನ ನೆಲ ನೋಡಿರ್ತೀರಿ, ಅದೇ ಶಹಾಬಾದ್ ಕಲ್ಲು. ನಮ್ಮವರು ಪರ್ಸಿ ಅಂತಾರೆ. ಪದರ ಪದರವಾಗಿ ಕಲ್ಲು ಎಬ್ಬಿಸ್ತಾರೆ, ಒಳ್ಳೆ ಕಲ್ಲು ಮುಗಿದ ಮೇಲೆ ಎಷ್ಟೋ ಕಡೆ ಗಣಿಯನ್ನ ಹಾಗೇ ಬಿಟ್ಟು ಮುಂದಿನ ಜಾಗಕ್ಕೆ ಹೋಗ್ತಾರೆ. ಮಳೆಗಾಲದಲ್ಲಿ ಅದು ತುಂಬುತ್ತೆ. ತಳ ಕಲ್ಲು, ನೀರು ಬೇಗ ಇಂಗಲ್ಲ. ಅನಾಫಿಲಿಸ್ ಕ್ಯುಲಿಸಿಫೇಸೀಸ್ ಅನ್ನೋ ಸೊಳ್ಳೆಗೆ ಬೇಕಾಗಿರೋದು ಇಂಥದ್ದೇ ತಿಳಿ ನೀರು. ಭಾರತದ ಹಳ್ಳಿಗಳಲ್ಲಿ ಮಲೇರಿಯಾ ಹರಡೋ ಮುಖ್ಯ ಸೊಳ್ಳೆ ಅದು. ಮೊಟ್ಟೆಯಿಂದ ರೆಕ್ಕೆ ಬರೋವರೆಗೆ ನಮ್ಮ ಬಿಸಿಲಿಗೆ ಸುಮಾರು ಒಂದು ವಾರ, ಹತ್ತು ದಿನ ಸಾಕು.

ಮುಂದಿನ ಕಥೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರೆ ಇದರಲ್ಲಿ ನಮಗಿಷ್ಟವಾಗೋ ಲೆಕ್ಕ ಇದೆ. ಸೊಳ್ಳೆ ಕಚ್ಚಿದಾಗ ಜೊಲ್ಲಿನ ಜೊತೆ ಒಳಗೆ ಹೋದ ಪರಾವಲಂಬಿ ಸೀದಾ ಯಕೃತ್ತು ಸೇರುತ್ತೆ. ಅಲ್ಲಿ ಒಂದು ಸಾವಿರಾರು ಆಗಿ, ರಕ್ತಕ್ಕಿಳಿದು ಕೆಂಪು ಕಣಗಳನ್ನು ಹೊಕ್ಕು, 48 ಗಂಟೆಗೊಮ್ಮೆ ಒಡೆದು ಹೊರಬರುತ್ತೆ. ದಿನ ಬಿಟ್ಟು ದಿನ ಚಳಿಜ್ವರ ಬರೋದು ಅದಕ್ಕೇ. ಕೆಲವು ಗಂಡು-ಹೆಣ್ಣು ರೂಪ ತಾಳಿ ಇನ್ನೊಂದು ಸೊಳ್ಳೆಗಾಗಿ ಕಾಯ್ತಾ ಇರುತ್ತವೆ. ಆ ಸೊಳ್ಳೆ ರಕ್ತ ಹೀರಿದ ಮೇಲೆ ಅದರ ಹೊಟ್ಟೆಯಲ್ಲಿ ಪರಾವಲಂಬಿ ಬೆಳೆದು ಜೊಲ್ಲಿನ ಗ್ರಂಥಿ ಮುಟ್ಟೋಕೆ ಹತ್ತು ದಿನವಾದರೂ ಬೇಕು. ಸೊಳ್ಳೆಯ ಆಯುಷ್ಯವೇ ಎರಡು ಮೂರು ವಾರ. ಇಡೀ ಸರ್ಕ್ಯೂಟ್‌ನಲ್ಲಿ ವೀಕ್ ಜಾಗ ಇದು. ದಿನಕ್ಕೆ ನೂರರಲ್ಲಿ 90 ಸೊಳ್ಳೆ ಬದುಕಿದರೆ ಹತ್ತು ದಿನದ ನಂತರ ಉಳಿಯೋದು ಸುಮಾರು 35. ದಿನಕ್ಕೆ 80 ಮಾತ್ರ ಬದುಕಿದರೆ ಉಳಿಯೋದು 11. ಕ್ಯಾಲ್ಕುಲೇಟರ್‌ನಲ್ಲಿ 0.8ರ ಹತ್ತನೇ ಘಾತ ಹಾಕಿ ನೋಡಿ.

ಇದು ನನ್ನ ಸ್ವಂತ ಬುದ್ಧಿಯಲ್ಲ. ವಾಡಿಯಲ್ಲಿ ರೈಲು ಹತ್ತಿದರೆ ಚಿತ್ತಾಪುರ, ಸೇಡಂ, ತಾಂಡೂರು ದಾಟಿ ಸಿಕಂದರಾಬಾದ್ ಸೇರ್ತೀರಿ. ಅಲ್ಲೇ 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಪರಾವಲಂಬಿಯನ್ನು ಕಂಡದ್ದು. ಮುಂದಿನ ವರ್ಷ ಕಲ್ಕತ್ತಾದಲ್ಲಿ ಪೂರ್ತಿ ಚಕ್ರವನ್ನು ಸಾಬೀತು ಮಾಡಿದ್ದು ಮನುಷ್ಯರಲ್ಲಿ ಅಲ್ಲ, ಹಕ್ಕಿಗಳಲ್ಲಿ. 1902ರಲ್ಲಿ ನೊಬೆಲ್ ಬಂತು. ಆಮೇಲೆ ಆತ ಗಣಿತ ಹಿಡಿದು ಕೂತ. ಊರಿನ ಕೊನೇ ಸೊಳ್ಳೆವರೆಗೂ ಕೊಲ್ಲಬೇಕಿಲ್ಲ, ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ರೋಗ ತಾನೇ ನಿಲ್ಲುತ್ತೆ ಅಂತ ತೋರಿಸಿದ. ನಮ್ಮ ಆರೋಗ್ಯ ಜಾಗೃತಿ ಪೋಸ್ಟರ್‌ಗಳಲ್ಲಿ ಈ ಮಾತು ನಾನು ನೋಡಿಲ್ಲ. ಅಲ್ಲಿ ಇರೋದು "ನಿಮ್ಮ ಮನೆ ಸುತ್ತ ನೀರು ನಿಲ್ಲದಂತೆ ನೋಡಿಕೊಳ್ಳಿ". ಸರಿ ಸ್ವಾಮಿ, ಮನೆ ಸುತ್ತ ನೋಡ್ಕೋತೀವಿ. ಇಪ್ಪತ್ತು ಅಡಿ ಆಳದ ಗಣಿ ಯಾರ ಮನೆ ಸುತ್ತ ಬರುತ್ತೆ? ನಲ್ಲಿ ನೀರು ದಿನಾ ಬರದ ಓಣಿಯಲ್ಲಿ ಡ್ರಮ್ಮು, ಹೌದು ತುಂಬಿಡದೆ ಏನು ಮಾಡಬೇಕು? ಅನಾಫಿಲಿಸ್ ಸ್ಟೀಫೆನ್ಸಿ ಮೊಟ್ಟೆ ಇಡೋದು ಅಂಥ ಕಡೆಯೇ.

ಔಷಧಿ ಇದೆಯಲ್ಲ ಅಂತೀರಿ. ಇದೆ, ಉಚಿತವೂ ಹೌದು. ಆದರೆ ವೈವಾಕ್ಸ್ ಜಾತಿಯ ಪರಾವಲಂಬಿ ಯಕೃತ್ತಿನಲ್ಲಿ ನಿದ್ದೆ ಹೊಡೆದು ತಿಂಗಳುಗಟ್ಟಲೆ ಆದ ಮೇಲೂ ಏಳುತ್ತೆ. ರಕ್ತದಲ್ಲಿರೋದಕ್ಕೆ ಮೂರು ದಿನ ಕ್ಲೋರೋಕ್ವಿನ್, ಯಕೃತ್ತಿನಲ್ಲಿ ಮಲಗಿರೋದಕ್ಕೆ 14 ದಿನ ಪ್ರೈಮಾಕ್ವಿನ್. ಮೂರನೇ ದಿನಕ್ಕೆ ಜ್ವರ ಬಿಟ್ಟಿರುತ್ತೆ. ದಿನಗೂಲಿಗೆ ಕಲ್ಲು ಒಡೆಯೋ ಮನುಷ್ಯ ನಾಲ್ಕನೇ ದಿನ ಕೆಲಸಕ್ಕೆ ಹೋಗ್ತಾನೆ, ಹದಿನಾಲ್ಕನೇ ದಿನಕ್ಕೆ ಬೇರೆ ಊರಲ್ಲೇ ಇರಬಹುದು. ಅವನಿಗೆ ತಿಳುವಳಿಕೆ ಇಲ್ಲ ಅನ್ನೋದು ಸುಲಭ. ಗಣಿ ಜಾಗಕ್ಕೇ ಹೋಗಿ ಹದಿನಾಲ್ಕೂ ದಿನ ಮಾತ್ರೆ ನುಂಗಿಸಿ ಬರೋದು ಕಷ್ಟ, ಆದರೆ ಮಾಡಬೇಕಾದ್ದು ಅದು.

ದನಗಳ ವಿಷಯವೂ ಹೆಚ್ಚುಕಮ್ಮಿ ಇದೇ. ಥೈಲೇರಿಯಾ ಅನ್ನೋ ಏಕಕೋಶಿ ಉಣ್ಣೆಗಳ ಮೂಲಕ ಹರಡುತ್ತೆ. ಆಕಳ ಬಿಳಿ ರಕ್ತಕಣದೊಳಗೆ ಕೂತು ಆ ಕಣವನ್ನೇ ಕ್ಯಾನ್ಸರ್ ಥರ ವಿಭಜನೆ ಆಗುವಂತೆ ಮಾಡುತ್ತೆ. ಓದಿದಾಗ ನನಗೆ ಮೈ ಜುಂ ಅಂತು. ಸಾಲ ಮಾಡಿ ತಂದ ಎಚ್‌ಎಫ್ ಮಿಶ್ರತಳಿ ಆಕಳಿಗೆ ಇದರ ಕಾಟ ಜಾಸ್ತಿ, ದೇಸಿ ತಳಿಗಳು ತಕ್ಕಮಟ್ಟಿಗೆ ತಡ್ಕೋತವೆ. ಆ ಉಣ್ಣೆ ಹಗಲೂ ರಾತ್ರಿ ದನದ ಮೈಮೇಲೇ ಇರಲ್ಲ. ಕೊಟ್ಟಿಗೆ ಗೋಡೆಯ ಸಂದಿಯಲ್ಲಿ ಅಡಗಿರುತ್ತೆ. ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಯಲ್ಲಿ ಸಂದಿಗೇನು ಕಮ್ಮಿ? ಆ ಸಂದಿ ಮುಚ್ಚೋದೂ ಒಂದು ಚಿಕಿತ್ಸೆ, ಅದಕ್ಕೆ ಬೇಕಾಗಿರೋದು ಗಾರೆ ಕೆಲಸ.

ಹಾಗಂತ ಎಲ್ಲ ಗುಂಡಿ ಮಣ್ಣು ಹಾಕಿ ಮುಚ್ಚಿಬಿಡಿ ಅಂತ ನಾನು ಹೇಳಲ್ಲ. ಬೇಸಿಗೆಯಲ್ಲಿ ದನಕ್ಕೆ ಕುಡಿಯೋಕೆ ಅದೇ ನೀರು. ವರ್ಷಪೂರ್ತಿ ನೀರು ಇರೋ ಗಣಿಗೆ ಗಪ್ಪಿ ಮೀನು ಬಿಡಬೇಕು, ಕೋಲಾರ ಕಡೆ ಹಳ್ಳಿಗಳ ಬಾವಿಗೆ ಬಿಟ್ಟು ನೋಡಿದ್ದಾರೆ, ಮರಿಸೊಳ್ಳೆ ತಿನ್ನುತ್ತೆ. ಗಂಬೂಸಿಯಾ ಬೇಡ, ಅದು ಊರ ಮೀನುಗಳನ್ನೂ ಕಾಡುತ್ತೆ. ಎರಡು ತಿಂಗಳು ಮಾತ್ರ ನೀರು ನಿಲ್ಲೋ ಗುಂಡಿಗೆ ಅಲ್ಲೇ ರಾಶಿ ಬಿದ್ದಿರೋ ಚೂರು ಕಲ್ಲು ತುಂಬಿ ಮಟ್ಟ ಮಾಡಬೇಕು. ಇದರ ಖರ್ಚು ಕಲ್ಲು ತೆಗೆದವರ ಮೇಲೆ ಬೀಳಬೇಕು, ಪಕ್ಕದ ಹಳ್ಳಿಯ ಮೇಲಲ್ಲ.

ಈಗ ಕೇಸ್ ಕಮ್ಮಿಯಾಗಿವೆ, ಇಷ್ಟು ತಲೆ ಕೆಡಿಸ್ಕೊಳ್ಳೋದ್ಯಾಕೆ ಅನ್ನೋರಿದ್ದಾರೆ. ಕಮ್ಮಿ ಆಗಿರೋದು ನಿಜ. ದೇಶದಿಂದಲೇ 2030ರೊಳಗೆ ಮಲೇರಿಯಾ ತೊಲಗಿಸಬೇಕು ಅನ್ನೋ ಗುರಿಯೂ ಇದೆ. ಆದರೆ ಗುಂಡಿಯಲ್ಲಿ ಸೊಳ್ಳೆ ಹಾಗೇ ಇದ್ದರೆ, ಯಕೃತ್ತಿನಲ್ಲಿ ಪರಾವಲಂಬಿ ಹೊತ್ತ ಒಬ್ಬ ಬಂದರೂ ಚಕ್ರ ಮತ್ತೆ ಶುರು.

ಮಿನಿ ಪ್ರಾಜೆಕ್ಟ್‌ಗೆ ಟಾಪಿಕ್ ಸಿಗ್ತಿಲ್ಲ ಅಂತ ಅಳ್ತಿರೋರಿಗೆ ಒಂದು ಐಡಿಯಾ. ವಾಡಿ-ಶಹಾಬಾದ್ ನಡುವಿನ ಉಪಗ್ರಹ ಚಿತ್ರ ತೆಗೀರಿ, ಅಕ್ಟೋಬರ್‌ದು ಒಂದು, ಏಪ್ರಿಲ್‌ದು ಒಂದು. ಯಾವ ಗುಂಡಿಯಲ್ಲಿ ನೀರು ಉಳೀತು, ಯಾವುದು ಬತ್ತಿತು, ಹತ್ತಿರದ ಓಣಿ ಎಷ್ಟು ದೂರ ಅಂತ ಮ್ಯಾಪ್ ಮಾಡಿ. ಸ್ಥಳ ನೋಡೋಕೆ ಹೋಗೋದಾದ್ರೆ ನಾನೂ ಬರ್ತೀನಿ. ಊಟಕ್ಕೆ ಸೇಡಂನಾಗ ನಮ್ಮ ಮನಿ ಐತಿ, ಜ್ವಾಳದ ರೊಟ್ಟಿ, ಪುಂಡಿಪಲ್ಯ.