ಬ್ಯಾಡಗಿಯ ಹೆಸರು ಉಳಿಯಬೇಕಾದರೆ ಬೀಜದ ಗಡಿಗೆ ಉಳಿಯಬೇಕು

ಬ್ಯಾಡಗಿಯ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರ ಟೆಂಡರ್ ನಡೆಯುತ್ತದೆ. ಸುಗ್ಗಿಯ ದಿನಗಳಲ್ಲಿ ಪ್ರಾಂಗಣ ಹೊಕ್ಕವರಿಗೆ ಕಣ್ಣು ಹಾಯುವಷ್ಟು ದೂರವೂ ಮೆಣಸಿನಕಾಯಿ ಚೀಲಗಳೇ ಕಾಣುತ್ತವೆ. ಹಾವೇರಿ, ಧಾರವಾಡ, ಗದಗ ಜಿಲ್ಲೆಗಳ ಮಾಲಿನ ಜೊತೆಯಲ್ಲಿ ಬಳ್ಳಾರಿ, ರಾಯಚೂರು ಮತ್ತು ಆಂಧ್ರಪ್ರದೇಶದ ಮಾಲೂ ಅಲ್ಲಿ ರಾಶಿ ಬೀಳುತ್ತದೆ. ಊರಿನ ಹೆಸರು ಮಾತ್ರ ಎಲ್ಲಕ್ಕೂ ಸಮನಾಗಿ ಅಂಟಿಕೊಳ್ಳುತ್ತದೆ. ಈ ಚೀಲಗಳಲ್ಲಿ ಜವಾರಿ ಬ್ಯಾಡಗಿ ತಳಿಯವು ಎಷ್ಟು ಎಂದು ದಲಾಲರ ಅಂಗಡಿಯಲ್ಲಿ ಕೇಳಿದರೆ ನಗು ಬರುತ್ತದೆಯೇ ಹೊರತು ಉತ್ತರ ಬರುವುದಿಲ್ಲ.

ಈ ನಗುವಿನ ಹಿಂದಿರುವ ಸಂಗತಿ ವರ್ತಕ ಸಮುದಾಯಕ್ಕೆ ಅಷ್ಟೇನೂ ಹಗುರವಾದುದಲ್ಲ. ಖಾರದ ಪುಡಿಯ ಪೊಟ್ಟಣದ ಮೇಲೆ, ಮಸಾಲೆ ಡಬ್ಬಿಯ ಮೇಲೆ, ರಫ್ತು ದಾಖಲೆಗಳಲ್ಲಿ ಬ್ಯಾಡಗಿ ಎಂಬ ಮೂರಕ್ಷರಕ್ಕೆ ಒಂದು ಬೆಲೆ ಇದೆ. ಆ ಬೆಲೆಯನ್ನು ಯಾವುದೇ ಕಂಪನಿ ಜಾಹೀರಾತಿನ ಬಲದಿಂದ ಗಳಿಸಿದ್ದಲ್ಲ. ಮೆಣಸಿನಕಾಯಿ ಮೂಲತಃ ಅಮೆರಿಕ ಖಂಡದ ಬೆಳೆ. 16ನೆಯ ಶತಮಾನದಲ್ಲಿ ಪೋರ್ಚುಗೀಸರೊಡನೆ ಭಾರತಕ್ಕೆ ಬಂದುದು. ಹೀಗೆ ಪರದೇಶದಿಂದ ಬಂದ ಗಿಡವನ್ನು ಉತ್ತರ ಕರ್ನಾಟಕದ ಎರೆಭೂಮಿಗೆ, ಮಳೆಯಾಶ್ರಯಕ್ಕೆ, ಈ ನಾಡಿನ ಅಡುಗೆಮನೆಗೆ ಒಗ್ಗಿಸಿದವರು ರೈತ ಕುಟುಂಬಗಳು. ವರ್ಷ ವರ್ಷವೂ ಒಳ್ಳೆಯ ಕಾಯಿಯನ್ನು ಆರಿಸಿ, ಬೀಜಕ್ಕಿಟ್ಟು, ಮರಳಿ ಬಿತ್ತಿದ್ದರ ಫಲವೇ ಕಡ್ಡಿ ಮತ್ತು ಡಬ್ಬಿ ಎಂಬ ಎರಡು ಬಗೆಗಳು. ಕಡ್ಡಿ ಉದ್ದನೆಯದು, ತೆಳುವಾದುದು, ಮೈತುಂಬ ಸುಕ್ಕುಳ್ಳದ್ದು, ಬೀಜ ಕಡಿಮೆ. ಡಬ್ಬಿ ಗಿಡ್ಡವಾಗಿ ಉಬ್ಬಿದ ಕಾಯಿ. ಬೀಜ ಹೆಚ್ಚು, ಪರಿಮಳವೂ ಹೆಚ್ಚು. ಕುಂದಗೋಳ, ಗದಗ ಸೀಮೆಯ ಡಬ್ಬಿಯನ್ನು ಬಲ್ಲ ಅಡುಗೆಯವರು ಬೇರೆ ಕಾಯಿಯನ್ನು ಮುಟ್ಟಲು ಹಿಂಜರಿಯುತ್ತಾರೆ. ಖಾರ ಕಡಿಮೆ, ಬಣ್ಣ ಗಾಢ ಎಂಬುದು ಎರಡಕ್ಕೂ ಸಾಮಾನ್ಯವಾದ ಲಕ್ಷಣ. ಆಸ್ಟಾ ಮಾನದಲ್ಲಿ ಅಳೆದಾಗ 150ರ ಆಸುಪಾಸಿನ ಬಣ್ಣ ತೋರುವ ಗುಣವೇ ಓಲಿಯೋರೆಸಿನ್ ಘಟಕಗಳನ್ನು ಈ ಕಾಯಿಯತ್ತ ಸೆಳೆದದ್ದು.

ಜವಾರಿ ಬೀಜದ ಸಂರಕ್ಷಣೆ ಇಂದಿಗೂ ಬಹುಮಟ್ಟಿಗೆ ಮನೆಯ ಕೆಲಸ. ರೋಗವಿಲ್ಲದ, ತಳಿಯ ಲಕ್ಷಣ ಸ್ಪಷ್ಟವಾಗಿರುವ ಗಿಡಗಳನ್ನು ಹೊಲದಲ್ಲಿಯೇ ಗುರುತಿಸಿ, ಎರಡನೆಯ ಅಥವಾ ಮೂರನೆಯ ಕೊಯ್ಲಿನ ಪೂರ್ಣ ಹಣ್ಣಾದ ಕಾಯಿಗಳನ್ನು ಬೇರೆಯಾಗಿ ಒಣಗಿಸುತ್ತಾರೆ. ಕೆಲವರು ಬೀಜ ಬಿಡಿಸಿ ಬೂದಿಯೊಡನೆ ಗಡಿಗೆಯಲ್ಲಿಡುತ್ತಾರೆ. ಕೆಲವರು ಕಾಯಿಯನ್ನೇ ಇಡಿಯಾಗಿ ಕಟ್ಟಿಡುತ್ತಾರೆ. ಮನೆಯ ಹಿರಿಯ ಹೆಣ್ಣುಮಕ್ಕಳ ಕಣ್ಣೇ ಇಲ್ಲಿ ಪ್ರಯೋಗಾಲಯ. ಆದರೆ ಮೆಣಸಿನ ಬೀಜ ಸಾಮಾನ್ಯ ಸಂಗ್ರಹಣೆಯಲ್ಲಿ ಎರಡು ಮೂರು ವರ್ಷಕ್ಕಿಂತ ಹೆಚ್ಚು ಕಾಲ ಚೆನ್ನಾಗಿ ಮೊಳೆಯುವುದಿಲ್ಲ. ಒಂದು ಮನೆ ಮೂರು ವರ್ಷ ಜವಾರಿ ಬಿತ್ತದೆ ಬಿಟ್ಟಿತೆಂದರೆ ಆ ಮನೆಯ ತಳಿ ಮುಗಿದಂತೆಯೇ. ನಾಲ್ಕಾರು ಗಿಡಗಳ ಬೀಜವಿಟ್ಟರೂ ಸಾಲದು. ತಳಿಯೊಳಗಿನ ವೈವಿಧ್ಯ ಕುಗ್ಗದಿರಬೇಕಾದರೆ 50ರಿಂದ 100 ಗಿಡಗಳಿಂದಲಾದರೂ ಕಾಯಿ ಕೂಡಿಸಬೇಕು. ಮನೆಯ ಹಿತ್ತಲಿನ ಎರಡು ಸಾಲಿನಲ್ಲಿ ಇದು ಆಗುವಂಥದ್ದಲ್ಲ.

ಇದಕ್ಕಿಂತಲೂ ಕಠಿಣವಾದ ತೊಡಕು ಇನ್ನೊಂದಿದೆ. ಮೆಣಸಿನ ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದಾದರೂ ಜೇನು ಮೊದಲಾದ ಕೀಟಗಳು ಬೇರೆ ಗಿಡದ ಪರಾಗವನ್ನು ಧಾರಾಳವಾಗಿ ತಂದು ಸೇರಿಸುತ್ತವೆ. ಈ ಕಾರಣದಿಂದಲೇ ಬೀಜ ಪ್ರಮಾಣೀಕರಣದ ನಿಯಮಗಳು ಮೆಣಸಿನಕಾಯಿಯ ಮೂಲ ಬೀಜದ ತಾಕಿಗೆ 400 ಮೀಟರ್, ಪ್ರಮಾಣಿತ ಬೀಜದ ತಾಕಿಗೆ 200 ಮೀಟರ್ ಅಂತರವನ್ನು ವಿಧಿಸಿವೆ. ಹಿಂದೆ ಸುತ್ತಲ ಹೊಲಗಳೆಲ್ಲ ಕಡ್ಡಿಯವೇ ಆಗಿದ್ದುದರಿಂದ ಯಾರೂ ಅಂತರ ಅಳೆಯಬೇಕಾಗಿರಲಿಲ್ಲ. ಈಗ ಪಕ್ಕದ ಹೊಲದಲ್ಲಿ ಹೈಬ್ರಿಡ್, ಅದರಾಚೆ ಗುಂಟೂರು ಬಗೆಯ ಖಾರದ ಕಾಯಿ. ಎಂಥ ಶ್ರದ್ಧೆಯಿಂದ ಬೀಜವಿಟ್ಟರೂ ನಾಲ್ಕೈದು ವರ್ಷಗಳಲ್ಲಿ ಕಾಯಿಯ ಸುಕ್ಕು ಸಡಿಲಾಗುತ್ತದೆ, ಖಾರ ಏರುತ್ತದೆ, ಮಾಲು ಟೆಂಡರಿನಲ್ಲಿ ಹಿಂದೆ ಬೀಳುತ್ತದೆ. ಒಂಟಿ ಮನೆಯ ಶ್ರದ್ಧೆಯಿಂದ ಕಾಯಬಹುದಾದ ಸ್ವತ್ತು ಇದಲ್ಲ. ಊರಿನ ಒಂದು ದಿಕ್ಕಿನ ಹೊಲಗಳಾದರೂ ಒಟ್ಟಾಗಬೇಕು.

ರೈತನನ್ನು ದೂರುವುದು ಸುಲಭ, ನ್ಯಾಯವಲ್ಲ. ಜವಾರಿ ಕಾಯಿಗೆ ಎಲೆ ಮುಟುರು ರೋಗ ಬೇಗ ತಗಲುತ್ತದೆ. 2021–22ರಲ್ಲಿ ಹೊಸ ಬಗೆಯ ಥ್ರಿಪ್ಸ್ ಕೀಟ ದಕ್ಷಿಣದ ಮೆಣಸಿನ ಹೊಲಗಳನ್ನು ಹಾಳುಗೆಡವಿದಾಗ ಸಾಲ ಮಾಡಿ ಔಷಧಿ ಹೊಡೆದವರ ಸಂಕಟವನ್ನು ಪೇಟೆಯೂ ಕಂಡಿದೆ. ನೀರಾವರಿಯಲ್ಲಿ ಹೈಬ್ರಿಡ್ ಕೊಡುವ ಇಳುವರಿ ಮಳೆಯಾಶ್ರಿತ ಕಡ್ಡಿಯ ಇಳುವರಿಗಿಂತ ಹಲವು ಪಟ್ಟು ಹೆಚ್ಚು. 10 ಗ್ರಾಮಿನ ಪೊಟ್ಟಣದಲ್ಲಿ ಬರುವ ಆ ಬೀಜಕ್ಕೆ ಪ್ರತಿವರ್ಷ ಹಣ ತೆರಬೇಕು, ಅದರ ಬೆಳೆಯಿಂದ ಬೀಜವಿಟ್ಟರೆ ಮುಂದಿನ ಪೀಳಿಗೆಯಲ್ಲಿ ಗುಣ ಚದುರುತ್ತದೆ ಎಂಬುದನ್ನು ರೈತ ಬಲ್ಲ. ಬಲ್ಲದ್ದರಿಂದಲೇ ಲೆಕ್ಕ ಹಾಕಿ ಕೊಳ್ಳುತ್ತಾನೆ. ವ್ಯಾಪಾರಿಯೂ ಅವನ ಸ್ಥಾನದಲ್ಲಿದ್ದರೆ ಅದನ್ನೇ ಮಾಡುತ್ತಿದ್ದ.

ಹಾಗಾದರೆ ಲೆಕ್ಕ ತಪ್ಪಿರುವುದು ಎಲ್ಲಿ? ಟೆಂಡರ್ ಚೀಟಿಯಲ್ಲಿ. ಖರೀದಿದಾರ ಬಣ್ಣ ನೋಡಿ ದರ ಬರೆಯುತ್ತಾನೆ. ತೇವಾಂಶ ನೋಡಿ ಇಳಿಸುತ್ತಾನೆ. ತಳಿಗೆ, ಪರಿಮಳಕ್ಕೆ ಚೀಟಿಯಲ್ಲಿ ಅಂಕಣವಿಲ್ಲ. ಡಬ್ಬಿಗೆ ಒಳ್ಳೆಯ ದರ ಸಿಗುವ ದಿನಗಳುಂಟು, ಆದರೆ ಅದು ಆ ದಿನದ ಲಾಟಿಗೆ ಸಿಕ್ಕ ದರ. ಮುಂದಿನ ಬಿತ್ತನೆಗೆ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ಪೇಟೆ ಯಾವ ಗುಣಕ್ಕೆ ಹಣ ಕೊಡುತ್ತದೆಯೋ ಆ ಗುಣವೇ ಮರುವರ್ಷ ಹೊಲದಲ್ಲಿ ಬೆಳೆಯುತ್ತದೆ. ತಳಿವಿಜ್ಞಾನಿಗಿಂತ ದೊಡ್ಡ ತಳಿ ಆಯ್ಕೆಗಾರ ಟೆಂಡರ್ ಬರೆಯುವ ಗುಮಾಸ್ತನೇ ಆಗಿದ್ದಾನೆ ಎಂದರೆ ಅತಿಶಯೋಕ್ತಿಯಾಗದು.

ಬಣ್ಣ ಸಿಕ್ಕರೆ ಸಾಕು, ತಳಿ ಯಾವುದಾದರೇನು ಎಂಬ ವಾದ ಉದ್ಯಮದಲ್ಲಿದೆ. ಬಣ್ಣ ತೆಗೆಯುವ ಘಟಕದ ಮಟ್ಟಿಗೆ ಅದು ಒಪ್ಪತಕ್ಕ ಮಾತೇ. ಆದರೆ ಬರಿಯ ಬಣ್ಣವನ್ನು ಮಾರಲು ಹೊರಟವನು ಚೀನಾದ ಪ್ಯಾಪ್ರಿಕಾದೊಡನೆ ದರದಲ್ಲಿ ಸೆಣಸಬೇಕಾಗುತ್ತದೆ. ಅಲ್ಲಿ ಬ್ಯಾಡಗಿ ಎಂಬ ಹೆಸರು ಕಿಲೋಗೆ ಒಂದು ರೂಪಾಯಿಯನ್ನೂ ಹೆಚ್ಚಿಗೆ ತಾರದು. ಹೆಸರಿಗೆ ಬೆಲೆ ಇರುವುದು ಪುಡಿಯಲ್ಲಿ, ಮಸಾಲೆಯಲ್ಲಿ, ಇಡಿ ಕಾಯಿಯ ಗಿರಾಕಿಯಲ್ಲಿ. ಆ ಗಿರಾಕಿ ಒಮ್ಮೆ ಮೋಸಹೋದರೆ ಪೊಟ್ಟಣವನ್ನು ಎರಡನೆಯ ಸಲ ಕೊಳ್ಳುವುದಿಲ್ಲ. ಸಣ್ಣ ಗಿರಣಿಗಳ ಮಾಲೀಕರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಿಕೆ ದೊರೆತಾಗ ಎಲ್ಲ ಕಡೆ ಸಂತೋಷ ವ್ಯಕ್ತವಾಯಿತು. ಆದರೆ ಆ ನೋಂದಣಿ ಕಾಯುವುದು ಹೆಸರನ್ನು, ಬೀಜವನ್ನಲ್ಲ. ನಂಜನಗೂಡು ರಸಬಾಳೆಗೂ ಸೂಚಿಕೆ ಇದೆ, ಸೊರಗು ರೋಗಕ್ಕೆ ಸಿಕ್ಕಿದ ತೋಟಗಳನ್ನು ಅದು ಉಳಿಸಿಕೊಡಲಿಲ್ಲ. 1999ರ ಭೌಗೋಳಿಕ ಸೂಚಿಕೆಗಳ ಕಾಯ್ದೆಯಲ್ಲಿ ಉತ್ಪಾದಕ ಎಂಬ ಪದದ ವ್ಯಾಖ್ಯೆ ಬೆಳೆಯುವವನಿಗಷ್ಟೇ ಸೀಮಿತವಲ್ಲ. ಸಂಸ್ಕರಿಸುವವನು, ಪೊಟ್ಟಣ ಕಟ್ಟುವವನು, ವ್ಯಾಪಾರ ಮಾಡುವವನೂ ಅದರೊಳಗೆ ಬರುತ್ತಾನೆ. ಅಧಿಕೃತ ಬಳಕೆದಾರನಾಗುವ ಹಕ್ಕು ವರ್ತಕನಿಗಿದ್ದರೆ ಅದರ ಬುಡದಲ್ಲಿರುವ ಬೀಜದ ಹೊಣೆಯಲ್ಲಿಯೂ ಅವನಿಗೆ ಪಾಲಿರಬೇಕಲ್ಲವೇ? ಇನ್ನು 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ 39ನೆಯ ಕಲಮು ಬೀಜ ಉಳಿಸುವ, ಹಂಚಿಕೊಳ್ಳುವ, ಮಾರುವ ಹಕ್ಕನ್ನು ರೈತನಿಗೆ ಉಳಿಸಿಕೊಟ್ಟಿದೆ. ಸಂರಕ್ಷಿತ ತಳಿಯ ಬೀಜವನ್ನು ಬ್ರಾಂಡ್ ಹಚ್ಚಿ ಮಾರುವಂತಿಲ್ಲ, ಅಷ್ಟೇ. ಜವಾರಿ ತಳಿಗಳನ್ನು ಕಾಪಾಡಿ, ಅವು ಹೊಸ ತಳಿಗೆ ಮೂಲವಾದಾಗ ಜೀನ್ ನಿಧಿಯಿಂದ ಪುರಸ್ಕಾರ ಪಡೆಯುವ ಅವಕಾಶವೂ ಅಲ್ಲಿದೆ. ಕಾನೂನಿನ ಕಡೆಯಿಂದ ಅಡ್ಡಿಯೇನೂ ಇಲ್ಲ.

ಮಾಡಬೇಕಾದ ಕೆಲಸ ದೊಡ್ಡದಲ್ಲ. ಪುಡಿ ತಯಾರಕರು ಮತ್ತು ವರ್ತಕರು ಕೂಡಿ ಕುಂದಗೋಳ, ಗದಗ, ಹಾವೇರಿ ಭಾಗದಲ್ಲಿ ಇನ್ನೂ ಮನೆಬೀಜ ಬಿತ್ತುವವರನ್ನು ಗುರುತಿಸಬೇಕು. ಒಂದೊಂದು ಊರಿನಲ್ಲಿ ಒಂದಕ್ಕೊಂದು ಹೊಂದಿಕೊಂಡ ಹೊಲಗಳನ್ನು ಬೀಜದ ತಾಕುಗಳೆಂದು ನಿಗದಿಮಾಡಿ, ಸುತ್ತಲ ಅಂತರ ಕಾಯ್ದುಕೊಳ್ಳುವ ನೆರೆಯ ರೈತರಿಗೂ ಸ್ವಲ್ಪ ಹಣ ಕೊಡಬೇಕು. ಅಂತರವೆಂಬುದು ನೆರೆಯವನ ತ್ಯಾಗ. ಅದಕ್ಕೆ ಪರಿಹಾರವಿಲ್ಲದೆ ಒಪ್ಪಿಗೆ ಸಿಗದು. ತಾಕಿನ ಕಾಯಿಯನ್ನು ಟೆಂಡರಿಗೆ ಬಿಡದೆ ಮೊದಲೇ ಒಪ್ಪಿದ ದರಕ್ಕೆ ಕೊಳ್ಳಬೇಕು. ಗಿಡಗಳ ಆಯ್ಕೆಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಗಳ ತಜ್ಞರ ಕಣ್ಣೂ ಇರಲಿ, ಮನೆಯ ಹಿರಿಯರ ಕಣ್ಣೂ ಇರಲಿ. ಬೀಜದ ಒಂದು ಪಾಲು ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಸಂಸ್ಥೆಯ ಶೀತಕೋಶಕ್ಕೆ ಹೋಗಲಿ. ಆದರೆ ಅದನ್ನೇ ನೆಚ್ಚಿ ಕೂರುವಂತಿಲ್ಲ. ಶೀತಕೋಶದ ಬೀಜ ಹೊಸ ಕೀಟವನ್ನು, ಹೊಸ ಬರವನ್ನು ಕಂಡಿರುವುದಿಲ್ಲ. ಹೊಲದ ಬೀಜ ಪ್ರತಿವರ್ಷವೂ ಕಾಣುತ್ತಿರುತ್ತದೆ.

ಮಾರುಕಟ್ಟೆ ಸಮಿತಿಯಿಂದ ಆಗಬೇಕಾದುದು ಒಂದೇ: ಜವಾರಿ ಕಡ್ಡಿ, ಜವಾರಿ ಡಬ್ಬಿ ಮತ್ತು ಹೈಬ್ರಿಡ್ ಮಾಲಿನ ಆವಕವನ್ನು ಬೇರೆ ಬೇರೆಯಾಗಿ ದಾಖಲಿಸುವುದು. ಆರಂಭದಲ್ಲಿ ಸುಳ್ಳು ಘೋಷಣೆಗಳು ಬಂದೇ ಬರುತ್ತವೆ. ಆದರೂ ಮಾಲನ್ನು ಕೈಯಲ್ಲಿ ಹಿಡಿದು ತಳಿ ಹೇಳಬಲ್ಲ ದಲಾಲರು ಬ್ಯಾಡಗಿಯಲ್ಲಿ ಇನ್ನೂ ಇದ್ದಾರೆ. ಅವರ ತಲೆಮಾರು ಇರುವಾಗಲೇ ಈ ವಿಂಗಡಣೆ ರೂಢಿಗೆ ಬಂದರೆ ಲೇಸು.

ಕಾಲದ ವಿಷಯವನ್ನೂ ಗಮನಿಸಬೇಕು. ಸಸಿ ಹಾಕುವುದು ಮುಂಗಾರಿನ ಆರಂಭದಲ್ಲಾದರೂ ಬೀಜದ ಕಾಯಿಯನ್ನು ಆರಿಸುವುದು ಅದಕ್ಕೆ ನಾಲ್ಕೈದು ತಿಂಗಳು ಮುಂಚೆ, ಕೊಯ್ಲಿನ ಹೊತ್ತಿನಲ್ಲಿ. ಆ ವೇಳೆಗೆ ಒಪ್ಪಂದವಾಗಿ ಮುಂಗಡ ಕೈಸೇರಿರದಿದ್ದರೆ ಬೀಜಕ್ಕೆಂದು ಉಳಿಯಬೇಕಾದ ಕಾಯಿಯೂ ಚೀಲ ಸೇರಿ ಸೋಮವಾರದ ಟೆಂಡರಿಗೆ ಬಂದುಬಿಡುತ್ತದೆ.